ಟಂಬ್ಲರಿನ ಧೂಳು

ಮಗಳ ಮನೆಗೆ ಬಂದ ಎರಡನೇ ದಿನ. ಟೆಕ್ಸಾಸಿನ ಡಾಲಸ್ ಹತ್ತಿರದ ಊರು. ಬೆಳಗಿನ ಕಾಫಿ ಮುಗಿಸಿ, ಒಂದು ವರ್ಷದ ಮೊಮ್ಮಗಳನ್ನು ತೊಡೆ ಮೇಲೆ ಕೂರಿಸಿಕೊಂಡಿದ್ದೆ. ಅಳಿಯಂದಿರು ಗ್ಯಾರೇಜಿನಿಂದ ತಲೆ ಹಾಕಿ, "ಅತ್ತೆ, ಟಂಬ್ಲರ್ ಆನ್ ಮಾಡಿದ್ದೀನಿ. ಸದ್ದು ಬರುತ್ತೆ, ಗಾಬರಿ ಆಗ್ಬೇಡಿ" ಅಂದರು. ನನಗೆ ಗೊತ್ತಿರುವ ಟಂಬ್ಲರ್ ಕಾಫಿ ಕುಡಿಯೋದು. ಅದನ್ನು ಆನ್ ಮಾಡೋದು ಹೇಗಪ್ಪ ಅಂತ ಎದ್ದು ಹೋಗಿ ನೋಡಿದೆ.

ಮುಚ್ಚಳ ಹಾಕಿದ ಪ್ಲಾಸ್ಟಿಕ್ ಬೋಗುಣಿಯೊಂದು ಮೇಜಿನ ಮೇಲೆ ಗರಗರ ನಡುಗುತ್ತಿತ್ತು. ಒಳಗೆ ಪುಡಿ ಮಾಡಿದ ಮುಸುಕಿನ ಜೋಳದ ದಿಂಡು. ಅದರ ನಡುವೆ ನೂರಾರು ಪುಟ್ಟ ಹಿತ್ತಾಳೆ ಕೊಳವೆಗಳು, ಒಂದೊಂದೂ ಕಿರುಬೆರಳಿನ ತುದಿಯಷ್ಟು. ಬಂದೂಕಿನ ಖಾಲಿ ತೋಟಾಗಳಂತೆ!

ಸಿಟಿಜನ್ ಆದ ಮೇಲೆ ಆಫೀಸಿನ ಗೆಳೆಯರ ಜೊತೆ ಶೂಟಿಂಗ್ ರೇಂಜಿಗೆ ಹೋಗಿ ಅಳಿಯಂದಿರು ಹತ್ತಿಸಿಕೊಂಡ ಹವ್ಯಾಸವಿದು. ಗುಂಡು ಹಾರಿದ ಮೇಲೆ ಕೆಳಗೆ ಬೀಳುವ ಹಿತ್ತಾಳೆ ಕೇಸನ್ನು ಆರಿಸಿ ತಂದು, ತೊಳೆದು, ಅಳತೆಗೆ ಒತ್ತಿ, ಹೊಸ ಪ್ರೈಮರ್, ಮದ್ದು, ಗುಂಡು ಸೇರಿಸಿ ಮತ್ತೆ ಬಳಸುತ್ತಾರೆ. ತೋಟಾದಲ್ಲಿ ದುಬಾರಿ ಭಾಗ ಆ ಕೇಸೇ. ಹಲವು ಬಾರಿ ಉಪಯೋಗಕ್ಕೆ ಬರುತ್ತೆ. ಸ್ವಂತ ಬಳಕೆಗೆ ಹೀಗೆ ಮಾಡಿಕೊಳ್ಳೋದಕ್ಕೆ ಅಲ್ಲಿ ಕಾನೂನಿನ ಅಡ್ಡಿಯಿಲ್ಲ. ಕೇಸಿಗೆ ಮರಳು, ಮಸಿ ಅಂಟಿದ್ದರೆ ಒತ್ತುವ ಅಚ್ಚಿನಲ್ಲಿ ಗೀರು ಬೀಳುತ್ತೆ, ಕೇಸಿನ ಬಿರುಕೂ ಕಾಣೋದಿಲ್ಲ. ಅದಕ್ಕೇ ಈ ತಿಕ್ಕಾಟ.

ಹಿತ್ತಾಳೆ ಅಂದರೆ ನನ್ನ ಕೈ ಸುಮ್ಮನಿರುತ್ತದೆಯೇ? ನಲವತ್ತು ವರ್ಷ ಹುಣಸೆಹಣ್ಣು ಹಚ್ಚಿ ದೀಪ, ಬಿಂದಿಗೆ, ಕೊಳಗ ಬೆಳಗಿದವಳು ನಾನು. "ಪಾಲಿಶ್ ದ್ರಾವಣ ಸಿಗುತ್ತಲ್ಲ, ಅದನ್ನು ಹಚ್ಚಿ" ಅಂದೆ. ಅಳಿಯಂದಿರು ಕೂಡಲೇ ಬೇಡ ಅಂದರು. ಕೆಲವು ಪಾಲಿಶ್‌ಗಳಲ್ಲಿ ಅಮೋನಿಯಾ ಇರುತ್ತದಂತೆ, ಅದು ಹಿತ್ತಾಳೆಯನ್ನು ಸೀಳಿಬಿಡುತ್ತದಂತೆ. ಆಮೇಲೆ ಹೇಳಿದ ಕಥೆ ನಮ್ಮ ದೇಶದ್ದೇ. ಬ್ರಿಟಿಷರ ಕಾಲದಲ್ಲಿ ಮಳೆಗಾಲ ಬಂತೆಂದರೆ ಸೈನ್ಯದ ತೋಟಾಗಳನ್ನು ಕುದುರೆ ಲಾಯದಲ್ಲಿ ಇಡುತ್ತಿದ್ದರು. ಮಳೆ ಮುಗಿದು ತೆಗೆದರೆ ಎಷ್ಟೋ ತೋಟಾಗಳ ಹಿತ್ತಾಳೆ ಬಿರುಕು ಬಿಟ್ಟಿರುತ್ತಿತ್ತು. ಕುದುರೆ ಗಂಜಲದ ಅಮೋನಿಯಾ, ತಯಾರಿಸುವಾಗ ಎಳೆದು ಒತ್ತಿದ ಲೋಹದ ಒಳಗೇ ಉಳಿದ ಬಿಗಿತ, ಎರಡೂ ಸೇರಿ ಹಾಗಾಗುತ್ತಿತ್ತು ಅಂತ ಲೋಹತಜ್ಞರು ವಿವರಿಸಿದ್ದು 1921ರಲ್ಲಿ. ನಮ್ಮ ಮಳೆಗಾಲದಿಂದಲೇ ಅದಕ್ಕೆ ಇಂಗ್ಲಿಷಿನಲ್ಲಿ 'ಸೀಸನ್ ಕ್ರ್ಯಾಕಿಂಗ್' ಅಂತ ಹೆಸರಾಯಿತಂತೆ. ನೂರರಲ್ಲಿ ಎಪ್ಪತ್ತು ಪಾಲು ತಾಮ್ರ, ಮೂವತ್ತು ಪಾಲು ಸತು ಸೇರಿದ ಹಿತ್ತಾಳೆ ಇದು ಅಂತಲೂ ಹೇಳಿದರು. ಎಷ್ಟು ತಿಳಿದುಕೊಂಡಿದ್ದಾರೆ ಅಂತ ನನಗೂ ಹೆಮ್ಮೆ ಆಯಿತು.

ಮೂರು ಗಂಟೆ ಕಳೆದ ಮೇಲೆ ಜರಡಿ ಹಿಡಿಯುವ ಕೆಲಸ. ದಿಂಡಿನ ಪುಡಿಯಿಂದ ಕೇಸುಗಳನ್ನು ಬೇರೆ ಮಾಡಬೇಕು. "ಕೊಡಿ, ನನಗೇನು ಕೆಲಸ" ಅಂತ ನಾನೇ ಕೂತೆ. ಅಡುಗೆಮನೆಯ ಹಳೇ ಜರಡಿಯಲ್ಲಿ ರಾಗಿಹಿಟ್ಟು ಜರಡಿ ಹಿಡಿದ ಹಾಗೆ ಆಡಿಸಿದೆ. ಬೂದು ಧೂಳು ಎದ್ದು ಸೀರೆ ಮೇಲೆಲ್ಲ ಕೂತಿತು. ಕೇಸುಗಳು ಮಾತ್ರ ಚಿನ್ನದ ಹಾಗೆ ಹೊಳೆಯುತ್ತಿದ್ದವು. ಸೆರಗು ಕೊಡವಿ, ಒಳಗೆ ಹೋಗಿ ಮಗುವನ್ನು ಎತ್ತಿಕೊಂಡೆ. ಅದು ನನ್ನ ಸೆರಗಿನ ತುದಿಯನ್ನು ಬಾಯಿಗೆ ಹಾಕಿಕೊಂಡು ಚೀಪಿತು. ಇದು ಒಂದು ದಿನದ ಮಾತಲ್ಲ, ವಾರ ವಾರ ನಡೆಯಿತು.

ಎರಡು ತಿಂಗಳಾದ ಮೇಲೆ ಮಗುವಿನ ವರ್ಷದ ತಪಾಸಣೆ ಬಂತು. ತಡವಾಗಿಯೇ ಹೋಗಿದ್ದೆವು. ಆ ದೇಶದಲ್ಲಿ ಈ ವಯಸ್ಸಿಗೆ ಎಷ್ಟೋ ಕಡೆ ರಕ್ತದಲ್ಲಿ ಸೀಸ ಇದೆಯೇ ಅಂತ ನೋಡುತ್ತಾರೆ. ಡೆಸಿಲೀಟರಿಗೆ 3.5 ಮೈಕ್ರೋಗ್ರಾಂ ದಾಟಿದರೆ ವಿಚಾರಣೆ ಶುರು. ನಮ್ಮ ಕೂಸಿಗೆ 6 ಬಂದಿತ್ತು.

ಡಾಕ್ಟರಮ್ಮ ಒಂದೊಂದೇ ಕೇಳಿದರು. ಮನೆ ಹಳೆಯದೇ? 1978ಕ್ಕೆ ಮುಂಚಿನ ಮನೆಗಳ ಬಣ್ಣದಲ್ಲಿ ಸೀಸ ಇರಬಹುದಂತೆ. ನಮ್ಮದು ಹೊಸ ಮನೆ. ಊರಿಂದ ತಂದ ಅರಿಶಿನ, ಕುಂಕುಮ, ಕಾಡಿಗೆ ಏನಾದರೂ ಇದೆಯೇ? ಮಗಳು ನನ್ನ ಮುಖ ನೋಡಿದಳು. ಕಾಡಿಗೆ ಹಚ್ಚುತ್ತಿದ್ದವಳು ನಾನೇ. ಹರಳೆಣ್ಣೆ ದೀಪದ ಮಸಿ ಹಿಡಿದು ಮನೆಯಲ್ಲೇ ಮಾಡಿದ್ದು ಅಂತ ಎಷ್ಟು ಹೇಳಿದರೂ ಕಾರಿನಲ್ಲಿ ಯಾರೂ ಮಾತಾಡಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆರು ತಿಂಗಳು ಮಗು ನೋಡಿಕೊಳ್ಳೋಣ ಅಂತ ಬಂದವಳು ಮಗುವಿಗೇ ವಿಷ ಹಾಕಿದೆನೇ?

ಮಾರನೇ ದಿನ ಕ್ಲಿನಿಕ್ಕಿನಿಂದ ನರ್ಸ್ ಫೋನ್ ಮಾಡಿ ಇನ್ನೊಂದು ಪಟ್ಟಿ ಓದಿದರು. ಮನೆಯಲ್ಲಿ ಯಾರಾದರೂ ಬ್ಯಾಟರಿ ಕೆಲಸ, ಬೆಸುಗೆ, ಮೀನು ಹಿಡಿಯುವ ಸೀಸದ ತೂಕ, ಶೂಟಿಂಗ್... ಮಗಳ ಕೈಯಲ್ಲಿ ಫೋನ್ ಹಾಗೇ ನಿಂತುಬಿಟ್ಟಿತು.

ಆಮೇಲೆ ತಿಳಿದದ್ದು ಇಷ್ಟು. ಕೇಸಿನ ತಳದಲ್ಲಿರುವ ಪ್ರೈಮರ್ ಅಂದರೆ ನಮ್ಮ ಹಳ್ಳಿಗಳ ಕೋವಿಯ ಕೇಪು ಇದ್ದ ಹಾಗೆ, ಹೊಡೆತಕ್ಕೆ ಕಿಡಿ ಹಾರಿಸುತ್ತೆ. ಸಾಮಾನ್ಯವಾಗಿ ಅದರ ಮದ್ದಿನಲ್ಲಿ ಸೀಸದ ಸಂಯುಕ್ತ ಇರುತ್ತೆ. ಗುಂಡು ಹಾರಿದ ಮೇಲೆ ಅದರ ಬೂದಿ ಕೇಸಿನೊಳಗೇ ಉಳಿಯುತ್ತೆ. ಟಂಬ್ಲರಿನಲ್ಲಿ ಅದು ಬಿಟ್ಟು ದಿಂಡಿನ ಪುಡಿಗೆ ಸೇರುತ್ತೆ, ಜರಡಿ ಆಡಿಸಿದರೆ ಗಾಳಿಗೆ ಏಳುತ್ತೆ. ಅಂಬೆಗಾಲಿಡುವ ಮಗು ನೆಲ ಮುಟ್ಟಿದ ಕೈಯನ್ನೇ ಬಾಯಿಗೆ ಹಾಕುತ್ತೆ. ಬೆಳೆಯುವ ಮಿದುಳಿಗೆ ಇಷ್ಟು ಸೀಸ ಪರವಾಗಿಲ್ಲ ಅನ್ನುವ ಮಟ್ಟವೇ ಇಲ್ಲವಂತೆ.

ಅಳಿಯಂದಿರು ಗ್ಯಾರೇಜಿನಲ್ಲಿ ತಲೆ ಹಿಡಿದುಕೊಂಡು ಕೂತಿದ್ದರು. "ಅಮೋನಿಯಾ ಬಗ್ಗೆ ಅಷ್ಟು ಓದಿದೆ ಅತ್ತೆ. ಕೇಸಿಗೆ ಏನಾಗುತ್ತೆ ಅಂತ ನೋಡಿದೆ, ಮನೆಗೆ ಏನಾಗುತ್ತೆ ಅಂತ ನೋಡ್ಲಿಲ್ಲ" ಅಂದರು. ಬೈಯೋಣ ಅಂತಲೇ ಹೋಗಿದ್ದೆ. ಆದರೆ ಜರಡಿ ಹಿಡಿದ ಕೈ ನನ್ನದಲ್ಲವೇ? "ಇಬ್ಬರೂ ಮಾಡಿದ್ದೀವಿ, ಇಬ್ಬರೂ ಸರಿ ಮಾಡೋಣ ಬನ್ನಿ" ಅಂದೆ.

ಜೋಳದ ದಿಂಡಿನ ಯಂತ್ರ ಹೋಯಿತು. ಈಗ ಇರುವುದು ನೀರಿನ ಟಂಬ್ಲರ್. ಉರುಳುವ ಡಬ್ಬಿಯಲ್ಲಿ ಕೇಸು, ನೀರು, ಗುಂಡುಸೂಜಿ ತುಂಡಿನಂಥ ಸ್ಟೀಲ್ ಕಡ್ಡಿಗಳು, ಒಂದೆರಡು ಹನಿ ಪಾತ್ರೆ ಸೋಪು, ಚಿಟಿಕೆ ನಿಂಬೆಹುಳಿ ಉಪ್ಪು. ನಾವು ಹುಣಸೆಹುಳಿಯಿಂದ ಮಾಡಿಸುವ ಕೆಲಸವನ್ನೇ ಅದು ಮಾಡುತ್ತೆ. ಒದ್ದೆ ಇರೋದರಿಂದ ಧೂಳು ಏಳೋದಿಲ್ಲ. ಆದರೆ ಆ ಕಪ್ಪು ನೀರಿನಲ್ಲೂ ಸೀಸ ಇರುತ್ತೆ, ಅಡುಗೆಮನೆ ಸಿಂಕಿಗೆ ಸುರಿಯುವಂತಿಲ್ಲ. ಕ್ಯಾನಿನಲ್ಲಿ ತುಂಬಿಟ್ಟು ಊರಿನವರು ಅಪಾಯದ ಕಸ ತೆಗೆದುಕೊಳ್ಳುವ ದಿನ ಕೊಟ್ಟು ಬರುತ್ತಾರೆ. ಕೆಲಸವೆಲ್ಲ ಗ್ಯಾರೇಜಿನ ಹೊರಗೆ, ಕೈಗೆ ಗ್ಲೌಸು. ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆದು, ಬಟ್ಟೆ ಬದಲಿಸಿ, ಚಪ್ಪಲಿ ಹೊರಗೇ ಬಿಟ್ಟು ಒಳಗೆ ಬರಬೇಕು. ಆ ಬಟ್ಟೆ ಮಗುವಿನ ಬಟ್ಟೆ ಜೊತೆ ಮೆಷಿನ್‌ಗೆ ಬೀಳೋದಿಲ್ಲ. ಗ್ಯಾರೇಜು, ಹಾಲ್ ಎಲ್ಲ ಪೊರಕೆ ಹಾಕದೆ ಒದ್ದೆ ಬಟ್ಟೆಯಲ್ಲೇ ಒರೆಸಿದೆವು. ಜರಡಿ ಕಸಕ್ಕೆ ಹೋಯಿತು.

ಕಬ್ಬಿಣ, ಕ್ಯಾಲ್ಸಿಯಂ ಇರುವ ಊಟ ಕೊಟ್ಟರೆ ದೇಹ ಸೀಸವನ್ನು ಕಡಿಮೆ ಹೀರಿಕೊಳ್ಳುತ್ತೆ ಅಂದರು ಡಾಕ್ಟರು. ಅದು ಮಾತ್ರ ನನ್ನ ಕೈಯಲ್ಲೇ ಇತ್ತು. ದಿನಾ ರಾಗಿ ಸರಿ, ಸೊಪ್ಪು, ಬೇಳೆ. ಕಾಡಿಗೆಯನ್ನೂ ಬಿಟ್ಟೆ. ಮನೆಯದೇ ಆದರೂ ಆ ಹೊತ್ತಿನಲ್ಲಿ ಹಟ ಹಿಡಿಯೋದು ಸರಿ ಅನ್ನಿಸಲಿಲ್ಲ. ಮೂರು ತಿಂಗಳ ನಂತರ ಮತ್ತೆ ರಕ್ತ ಕೊಟ್ಟು ಬಂದೆವು. 3ಕ್ಕೆ ಇಳಿದಿತ್ತು. ಸೊನ್ನೆಯಲ್ಲ, ಇನ್ನೂ ನೋಡುತ್ತಿರಬೇಕು. ಆದರೂ ಆ ಸಂಜೆ ದೇವರ ದೀಪಕ್ಕೆ ಎರಡು ಬತ್ತಿ ಹೆಚ್ಚು ಹಾಕಿದೆ.

ಇಷ್ಟು ವರ್ಷ ಪಾತ್ರೆ ಹೊಳೆದರೆ ಕೆಲಸ ಮುಗಿಯಿತು ಅಂದುಕೊಂಡಿದ್ದೆ. ಹೊಳಪು ನೋಡುವ ಕಣ್ಣಿಗೆ, ಅದನ್ನು ಬಿಟ್ಟ ಕೊಳೆ ಎಲ್ಲಿ ಹೋಗಿ ಕೂತಿತು ಅನ್ನೋದು ಕಾಣೋದೇ ಇಲ್ಲ. ನಿಮ್ಮ ಮಕ್ಕಳು ಅಳಿಯಂದಿರು ಎಲ್ಲೇ ಇರಲಿ, ಯಾವ ಹವ್ಯಾಸವೇ ಇರಲಿ, ಬೆಸುಗೆಯೋ ಬಣ್ಣವೋ ಬಂದೂಕೋ, ಒಂದು ಸಲ ಫೋನಿನಲ್ಲಿ ಕೇಳಿ ನೋಡಿ: "ಅದರ ಧೂಳು ಎಲ್ಲಿಗೆ ಹೋಗುತ್ತಪ್ಪ?"