ಅಜ್ಜಂಪುರದಲ್ಲಿ ಅಕ್ಷರಗಳೆಷ್ಟು?

ಕಳೆದ ಮಳೆಗಾಲದ ಒಂದು ಮಧ್ಯಾಹ್ನ ನಮ್ಮ ಕಾಲೇಜಿನ ಪ್ರಯೋಗಶಾಲೆಯಲ್ಲಿ ನಡೆದ ಸಣ್ಣ ಪ್ರಸಂಗವೊಂದು ಈ ಬರಹಕ್ಕೆ ಕಾರಣ. ಲೋಲಕದ ಪ್ರಯೋಗದ ಅಂಕಿಗಳನ್ನು ಗಣಕಯಂತ್ರಕ್ಕೆ ಊಡಿಸಿ ಮುಗಿಸಿದ ವಿದ್ಯಾರ್ಥಿನಿಯೊಬ್ಬಳು, ಬಿಡುವಾದ ಕೈಗೆ ಏನಾದರೂ ಕೆಲಸ ಬೇಕೆಂದು ಪೈಥಾನ್ ಭಾಷೆಯ ಕನ್ಸೋಲಿನಲ್ಲಿ ತನ್ನ ಊರಿನ ಹೆಸರನ್ನು ಬರೆದು, ‘ಲೆನ್’ ಎಂಬ ಫಂಕ್ಷನ್ನಿನಿಂದ ಅದರ ಉದ್ದವನ್ನು ಕೇಳಿದಳು. ಊರು ಅಜ್ಜಂಪುರ. ಯಂತ್ರ ಕೊಟ್ಟ ಉತ್ತರ 8. ಆಕೆ ಬೆರಳು ಮಡಿಸಿ ಎಣಿಸಿದಳು: ಅ, ಜ್ಜಂ, ಪು, ರ. ನಾಲ್ಕೇ. ಮತ್ತೊಮ್ಮೆ ಎಣಿಸಿದಳು. ಅನಂತರ ನಮ್ಮ ಕಡೆ ತಿರುಗಿ, “ಯಂತ್ರ ಎಂಟು ಅನ್ನುತ್ತಿದೆ ಸಾರ್, ನಮ್ಮ ಎಣಿಕೆಯಲ್ಲೇ ಏನೋ ತಪ್ಪಿರಬೇಕು” ಎಂದಳು.

ಎರಡನೆಯ ತರಗತಿಯ ಹುಡುಗಿಯೂ ತಪ್ಪದೆ ಎಣಿಸುವ ಅಕ್ಷರಗಳನ್ನು ಪದವಿ ತರಗತಿಯ ಹುಡುಗಿ ಯಂತ್ರದ ಮಾತಿಗೆ ಅಂಜಿ ಬಿಟ್ಟುಕೊಟ್ಟಳಲ್ಲಾ ಎಂದು ನಮಗೆ ವ್ಯಥೆಯಾಯಿತು. ಇದು ಆಕೆಯೊಬ್ಬಳ ದೋಷವಲ್ಲ. ಭೌತವಿಜ್ಞಾನವನ್ನು ಬೋಧಿಸುವ ನಾವೇ ಉಪಕರಣದ ಸೂಚಿ ತೋರಿಸಿದ್ದನ್ನು ಬರೆದುಕೊಳ್ಳಿರಿ, ನಿಮ್ಮ ಊಹೆಯನ್ನು ಬರೆಯಬೇಡಿರಿ ಎಂದು ವರ್ಷವಿಡೀ ಹೇಳುತ್ತೇವೆ. ಆದರೆ ಗುರುತ್ವಾಕರ್ಷಣೆಯ ನಿಯಮಕ್ಕೂ ‘ಲೆನ್’ ಎಂಬುದರ ಉತ್ತರಕ್ಕೂ ಇರುವ ಅಂತರವನ್ನು ಹೇಳುವುದನ್ನು ಮರೆತುಬಿಟ್ಟಿದ್ದೇವೆ. ಮೊದಲನೆಯದನ್ನು ಯಾರೂ ಗೊತ್ತುಮಾಡಲಿಲ್ಲ. ಎರಡನೆಯದನ್ನು ಕೆಲವರು ಕುಳಿತು, ವಾದಿಸಿ, ಗೊತ್ತುಮಾಡಿದರು.

ಕನ್ಸೋಲ್ ಎಂದರೇನು? ಒಂದು ಸಾಲನ್ನು ಓದುವುದು, ಅದರ ಬೆಲೆ ಕಟ್ಟುವುದು, ಉತ್ತರವನ್ನು ಬರೆಯುವುದು, ಮತ್ತೆ ಮುಂದಿನ ಸಾಲಿಗಾಗಿ ಕಾಯುವುದು—ಇಷ್ಟೇ ಅದರ ಕೆಲಸ. ರಂಧ್ರ ಕೊರೆದ ಕಾರ್ಡುಗಳ ಕಟ್ಟನ್ನು ಒಪ್ಪಿಸಿ ಗಂಟೆಗಟ್ಟಲೆ ಕಾಯುತ್ತಿದ್ದ ಕಾಲದಲ್ಲಿ ಯಂತ್ರದೊಡನೆ ಹೀಗೆ ಮುಖಾಮುಖಿ ಮಾತನಾಡುವುದೇ ದೊಡ್ಡ ಸೋಜಿಗವಾಗಿತ್ತು. 1964ರ ಮೇ ತಿಂಗಳಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಕೆಮೆನಿ ಮತ್ತು ಕರ್ಟ್ಜ್ ಎಂಬ ಇಬ್ಬರು ಗಣಿತಾಧ್ಯಾಪಕರು ಬೇಸಿಕ್ ಭಾಷೆಯನ್ನು ಬಳಕೆಗೆ ತಂದರು. ಒಂದೇ ಯಂತ್ರವನ್ನು ಹಲವರು ಏಕಕಾಲದಲ್ಲಿ ಬಳಸುವಂತೆ ಮಾಡಿದ ಆ ವ್ಯವಸ್ಥೆಯ ಬಹುಪಾಲನ್ನು ಬರೆದವರು ಅಲ್ಲಿನ ವಿದ್ಯಾರ್ಥಿಗಳೇ. ಈ ಸಂಗತಿಯನ್ನು ನಮ್ಮ ವಾಚಕರು ಲಕ್ಷ್ಯದಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇವೆ.

ಕಟ್ಟಳೆಗಳು ಮನುಷ್ಯಕೃತ ಎಂಬುದಕ್ಕೆ ಕನ್ಸೋಲೇ ಸಾಕ್ಷಿ. ಪೈಥಾನಿನ ಹಳೆಯ ಕನ್ಸೋಲಿನಲ್ಲಿ ಹೊರಗೆ ಬರಬೇಕೆಂದು ‘ಎಕ್ಸಿಟ್’ ಎಂದಷ್ಟೇ ಬರೆದರೆ, ಅದರ ಮುಂದೆ ಆವರಣ ಚಿಹ್ನೆಗಳನ್ನೂ ಹಾಕಬೇಕೆಂದು ಯಂತ್ರ ಬುದ್ಧಿ ಹೇಳುತ್ತಿತ್ತು. ನೀವು ಹೊರಡಬೇಕೆಂದಿದ್ದೀರಿ ಎಂಬುದು ಅದಕ್ಕೆ ಚೆನ್ನಾಗಿಯೇ ಅರ್ಥವಾಗಿತ್ತು. ಆದರೂ ಬಾಗಿಲು ತೆಗೆಯುತ್ತಿರಲಿಲ್ಲ! ಎಷ್ಟೋ ವರ್ಷ ಜನ ಇದನ್ನು ಸಹಿಸಿಕೊಂಡರು. 2024ರ ಅಕ್ಟೋಬರಿನಲ್ಲಿ ಹೊರಬಂದ 3.13ನೆಯ ಆವೃತ್ತಿಯಲ್ಲಿ ಕೆಲವರು ಸೇರಿ ಕನ್ಸೋಲನ್ನೇ ಹೊಸದಾಗಿ ಕಟ್ಟಿದರು. ಅದಕ್ಕೆ ಬೇಕಾದ ಅಡಿಪಾಯವನ್ನು ಪೈಪೈ ಎಂಬ ಇನ್ನೊಂದು ತಂಡದ ಕೆಲಸದಿಂದ ತಂದುಕೊಂಡರು. ಈಗ ‘ಎಕ್ಸಿಟ್’ ಎಂದರೆ ಹೊರಗೆ ಬರಬಹುದು. ಹಲವು ಸಾಲುಗಳ ಬರಹವನ್ನು ಒಟ್ಟಿಗೆ ಹಿಂದಕ್ಕೆ ಕರೆದು ತಿದ್ದಬಹುದು. ಹಾಗೆಯೇ ‘ರೌಂಡ್’ ಎಂಬ ಫಂಕ್ಷನ್ನು ಪೈಥಾನಿನ ಎರಡನೆಯ ಪೀಳಿಗೆಯಲ್ಲಿ 2.5ನ್ನು 3 ಎನ್ನುತ್ತಿತ್ತು. ಮೂರನೆಯ ಪೀಳಿಗೆಯಲ್ಲಿ 2 ಎನ್ನುತ್ತದೆ. ಅರ್ಧಗಳನ್ನೆಲ್ಲ ಮೇಲಕ್ಕೇ ದೂಡಿದರೆ ಮೊತ್ತ ಸದಾ ಹಿಗ್ಗುತ್ತದೆಂದು, ಸಮೀಪದ ಸಮಸಂಖ್ಯೆಗೆ ತಿರುಗಿಸುವ ಪದ್ಧತಿಯನ್ನು ಆರಿಸಿಕೊಂಡರು. ಒಳ್ಳೆಯ ಕಾರಣವೇ. ಆದರೆ ಅದು ಆರಿಸಿಕೊಂಡದ್ದು ಎಂಬುದನ್ನು ಬಲ್ಲದ ವಿದ್ಯಾರ್ಥಿ ತನ್ನ ದಾಖಲೆ ಪುಸ್ತಕದ ಅಂಕಿಯನ್ನು ಸುಮ್ಮನೆ ಒಡೆದುಹಾಕುತ್ತಾನೆ.

ಈಗ ಅಜ್ಜಂಪುರಕ್ಕೆ ಮರಳೋಣ. ಯಂತ್ರ ಸುಳ್ಳಾಡಿತೇ? ಇಲ್ಲ. ಪ್ರಪಂಚದ ಲಿಪಿಗಳಿಗೆಲ್ಲ ಸಂಖ್ಯೆಗಳನ್ನು ಹಂಚಿದ ಯೂನಿಕೋಡಿನಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ 128 ಮನೆಗಳ ಒಂದು ಕೇರಿಯಿದೆ. ಅಲ್ಲಿ ವ್ಯಂಜನಕ್ಕೆ ಒಂದು ಸಂಖ್ಯೆ, ಸ್ವರಚಿಹ್ನೆಗೆ ಒಂದು, ಅನುಸ್ವಾರಕ್ಕೆ ಒಂದು, ಅರ್ಧಾಕ್ಷರ ಮಾಡುವ ಚಿಹ್ನೆಗೂ ಒಂದು. ಹಾಗಾಗಿ ಜ್ಜಂ ಎಂಬ ಒಂದೇ ಅಕ್ಷರ ಅಲ್ಲಿ ನಾಲ್ಕು ಮನೆಗಳನ್ನು ಹಿಡಿಯುತ್ತದೆ. ಅಜ್ಜಂಪುರಕ್ಕೆ ಎಂಟು, ತರೀಕೆರೆಗೆ ಏಳು, ಕಡೂರಿಗೆ ಐದು. ‘ಲೆನ್’ ಎಣಿಸುವುದು ಈ ಸಂಖ್ಯೆಗಳನ್ನು. ಇವುಗಳನ್ನು ಯಂತ್ರದಲ್ಲಿ ಶೇಖರಿಸುವಾಗ ಒಂದೊಂದಕ್ಕೆ ಮೂರು ಬೈಟುಗಳು ಬೇಕಾಗುವುದರಿಂದ ಅಜ್ಜಂಪುರಕ್ಕೆ 24 ಬೈಟುಗಳು. ಓದುಗನಿಗೆ ಒಂದಾಗಿ ತೋರುವ ಗುಂಪುಗಳನ್ನು ಗುರುತಿಸಲು ಯೂನಿಕೋಡಿನವರೇ ರಚಿಸಿದ ಬೇರೊಂದು ಸೂತ್ರವಿದ್ದು, ಅದರ ಪ್ರಕಾರ ಅ, ಜ್, ಜಂ, ಪು, ರ ಎಂದು ಐದು. ನಮ್ಮ ವಿದ್ಯಾರ್ಥಿನಿಯ ಬೆರಳಲ್ಲಿ ನಾಲ್ಕು. ಒಂದೇ ಊರಿಗೆ 24, 8, 5, 4. ಕೋಲಿನ ಉದ್ದ ಹನ್ನೆರಡು ಎಂದು ಬರೆದು ಏಕಮಾನ ಬರೆಯದ ವಿದ್ಯಾರ್ಥಿಗೆ ನಾವು ಅಂಕ ಕೊಡುವುದಿಲ್ಲ. ‘ಲೆನ್’ ಎಂಬುದು ಏಕಮಾನ ಹೇಳದ ಅಳತೆ. ನಮ್ಮ ತಕರಾರು ಅಷ್ಟೇ.

ಇದೇನು, ನಾಲ್ಕಾದರೇನು ಎಂಟಾದರೇನು ಎಂದು ಕೇಳುವವರುಂಟು. ಕಡೂರು ಎಂಬ ಹೆಸರನ್ನು ಹಿಂದುಮುಂದು ಮಾಡೆಂದು ಯಂತ್ರಕ್ಕೆ ಹೇಳಿ ನೋಡಿರಿ. ರುಡೂಕ ಎಂದು ಬರಬೇಕು. ಬರುವುದೇನೆಂದರೆ, ಮೊದಲು ಯಾವ ವ್ಯಂಜನವೂ ಇಲ್ಲದ ಅನಾಥ ಕೊಂಬು. ಬಳಿಕ ಡಕಾರದ ದೀರ್ಘವನ್ನು ಕೊರಳಿಗೆ ಹಾಕಿಕೊಂಡ ರಕಾರ! ಇದು ನಗುವಿನ ಮಾತಾಯಿತು. ಆದರೆ ನಮ್ಮ ಪರಿಚಿತ ವಿದ್ಯಾರ್ಥಿಯೊಬ್ಬನ ಉದ್ದನೆಯ ಹೆಸರು, ಇಂತಿಷ್ಟೇ ಸ್ಥಾನಗಳೆಂದು ನಿಗದಿಯಾಗಿದ್ದ ಒಂದು ಕಚೇರಿಯ ಪತ್ರದಲ್ಲಿ ಕತ್ತರಿಸಲ್ಪಟ್ಟು, ತಿಮ್ಮಪ್ಪ ಎಂಬ ತಂದೆಯ ಹೆಸರು ‘ತಿಮ್ಮಪ್’ ಎಂದಾಯಿತು. ಅದನ್ನು ಸರಿಪಡಿಸಿಕೊಳ್ಳಲು ಅವನು ಮೂರು ಸಲ ಬಸ್ಸು ಹತ್ತಿದ. ಕತ್ತರಿಸಿದ ಗುಮಾಸ್ತನಿಗೆ ದ್ವೇಷವಿರಲಿಲ್ಲ. ಕತ್ತರಿಸಿದ್ದು ಗುಮಾಸ್ತನೂ ಅಲ್ಲ. ಎಲ್ಲಿಯೋ ಯಾರೋ ಬರೆದ ಫಂಕ್ಷನ್ನೊಂದು ಅಕ್ಷರದ ನಡುವೆ ಕೊಡಲಿಯೇಟು ಹಾಕಿತ್ತು.

ಪರಕೀಯರು ನಮ್ಮನ್ನು ಅಲಕ್ಷಿಸುತ್ತಾರೆಂದು ದೂರುವವರ ಗುಂಪಿಗೆ ನಾವು ಸೇರಿದವರಲ್ಲ. ಪೈಥಾನಿನ ‘ಇಂಟ್’ ಎಂಬ ಫಂಕ್ಷನ್ನಿಗೆ ಕನ್ನಡ ಅಂಕಿಗಳಲ್ಲಿ ೧೯೫೬ ಎಂದು ಬರೆದು ಕೊಟ್ಟರೆ ಅದು ಸಂದೇಹವಿಲ್ಲದೆ 1956 ಎಂದು ಗ್ರಹಿಸುತ್ತದೆ. ವಿಜ್ಞಾನಿಗಳ ಲೆಕ್ಕಗಳಿಗಾಗಿಯೇ ಹುಟ್ಟಿದ, 2012ರಲ್ಲಿ ಬೆಳಕಿಗೆ ಬಂದ ಜೂಲಿಯಾ ಭಾಷೆಯಲ್ಲಿ ‘ವೇಗ’, ‘ಕಾಲ’ ಎಂದು ಕನ್ನಡದಲ್ಲೇ ಹೆಸರಿಟ್ಟು ಲೆಕ್ಕ ಮಾಡಬಹುದು. ಆ ಭಾಷೆಯ ನಾಲ್ವರು ನಿರ್ಮಾತೃಗಳಲ್ಲಿ ಒಬ್ಬರಾದ ವಿರಲ್ ಶಾ ಬೆಂಗಳೂರಿನಲ್ಲಿದ್ದು, ಆಧಾರ್ ಯೋಜನೆಯಲ್ಲಿಯೂ ದುಡಿದವರು. ಯಾರಾದರೊಬ್ಬರು ಸಾಮಾನ್ಯ ಸೂತ್ರವನ್ನು ಸರಿಯಾಗಿ ಅಳವಡಿಸಿದಲ್ಲಿ ಕನ್ನಡವೂ ತಾನಾಗಿಯೇ ಒಳಗಾಗುತ್ತದೆ. ಸೂತ್ರದ ಪಟ್ಟಿಯಲ್ಲೇ ಹೆಸರಿಲ್ಲದಿದ್ದರೆ ಮಾತ್ರ ಹೊರಗುಳಿಯುತ್ತದೆ. 2023ರಲ್ಲಿ ಆದದ್ದು ಅದೇ. ಆ ವರ್ಷದ ಯೂನಿಕೋಡ್ 15.1ನೆಯ ಆವೃತ್ತಿಯಲ್ಲಿ, ಒತ್ತಕ್ಷರವನ್ನು ಒಡೆಯದೆ ಒಂದೇ ಗುಂಪಾಗಿ ಹಿಡಿಯಬೇಕೆಂಬ ಹೊಸ ವಿಧಿ ಸೇರಿತು. ಅದು ಅನ್ವಯಿಸಿದ ಲಿಪಿಗಳು ಆರು: ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲೆಯಾಳ. ಕನ್ನಡ ಆ ಆರರಲ್ಲಿ ಇರಲಿಲ್ಲ. ಆ ವಿಧಿಯಂತೆ ಅಜ್ಜಂಪುರವನ್ನು ತೆಲುಗು ಲಿಪಿಯಲ್ಲಿ ಬರೆದರೆ ನಾಲ್ಕು ಗುಂಪು, ಕನ್ನಡ ಲಿಪಿಯಲ್ಲಿ ಬರೆದರೆ ಐದು. ಇಂಥ ಪಟ್ಟಿಗಳ ಕರಡಿನ ಮೇಲೆ ಯಾರು ಬೇಕಾದರೂ ಅಭಿಪ್ರಾಯ ಕಳುಹಿಸಬಹುದು. ನಮ್ಮಲ್ಲಿ ಎಷ್ಟು ಮಂದಿ ಓದಿದೆವು? ನಾವಂತೂ ಓದಿರಲಿಲ್ಲ.

ಭಾಷೆಯ ಪದಗಳನ್ನೇ ಕನ್ನಡಿಸುವುದು ಇದಕ್ಕೆ ಮದ್ದೆಂದು ಹಲವರ ಮತ. ಯು. ಬಿ. ಪವನಜ ಅವರು ಮಕ್ಕಳ ಲೋಗೋ ಭಾಷೆಗೆ ಕನ್ನಡ ರೂಪ ಕೊಟ್ಟದ್ದು ಸ್ತುತ್ಯರ್ಹವೇ. ಎಳೆಯರಿಗೆ ಅದರಿಂದ ಉಪಕಾರವುಂಟು. ಆದರೆ ಕಾಲೇಜಿನ ವಿದ್ಯಾರ್ಥಿಗೆ ‘ಇಫ್’ ಎಂಬುದು ‘ಆದರೆ’ ಎಂದಾದ ಮಾತ್ರಕ್ಕೆ ತಿಮ್ಮಪ್ಪನ ಪಕಾರ ಮರಳಿ ಬರುವುದಿಲ್ಲ. ಪದಕ್ಕಿಂತ ಒಳಗಿನ ಎಣಿಕೆ ಮುಖ್ಯವೆಂದು ನಮ್ಮ ನಂಬಿಕೆ.

ಎಣಿಕೆ ಸುಲಭವೆಂದು ತಿಳಿಯಬಾರದು. ನಮಗಿದು ಗೊತ್ತಾದದ್ದು ಆ ವಿದ್ಯಾರ್ಥಿನಿ ಛಲ ಹಿಡಿದ ಮೇಲೆ. ‘ಅಕ್ಷರಗಳು’ ಎಂಬ ಹೆಸರಿನ ಫಂಕ್ಷನ್ನೊಂದನ್ನು ಆಕೆ ಹನ್ನೊಂದು ಸಾಲುಗಳಲ್ಲಿ ಬರೆದಳು. ನಾಲ್ಕು ಎಂಬ ಉತ್ತರ ಬಂತು; ಎಲ್ಲರಿಗೂ ಪೇಡೆ ಹಂಚಿದಳು. ಪೇಡೆ ತಿಂದ ತರೀಕೆರೆಯ ಹುಡುಗನೊಬ್ಬ ಮರುದಿನವೇ ದೋಷ ತಂದ. ಅವನ ಊರಿನ ರೀ ಎಂಬುದನ್ನು ಒಂದೇ ಸ್ವರಚಿಹ್ನೆಯಿಂದಲೂ ಬರೆಯಬಹುದು, ಗುಡಿಸು ಮತ್ತು ದೀರ್ಘ ಎಂಬ ಎರಡು ಚಿಹ್ನೆಗಳನ್ನು ಕೂಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಯಂತ್ರಕ್ಕೆ ಎರಡು ತರೀಕೆರೆಗಳು ಬೇರೆ ಬೇರೆ ಊರುಗಳು! ಎಣಿಸುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತರಬೇಕಾಯಿತು. ಕಡೂರಿನವನೊಬ್ಬ ‘ರಾಜ್‌ಕುಮಾರ್’ ಎಂದು ಕೊಟ್ಟ. ಇಲ್ಲಿ ಜಕಾರಕ್ಕೆ ಕಕಾರ ಒತ್ತಾಗಬಾರದೆಂದು ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಕುಳಿತಿರುತ್ತದೆ. ಫಂಕ್ಷನ್ನು ಅದನ್ನೂ ಒಂದು ಅಕ್ಷರವೆಂದು ಎಣಿಸಿತು. ಅದನ್ನು ತಿದ್ದಿದ್ದಾಯಿತು. ಕೊನೆಯ ರ್ ಒಂದು ಅಕ್ಷರವೋ ಅಲ್ಲವೋ ಎಂಬಲ್ಲಿ ದೊಡ್ಡ ಜಗಳವೇ ಹುಟ್ಟಿತು.

ಮೂವರೂ ಬೀರೂರಿನವರೆಗೆ ಒಂದೇ ಗಾಡಿಯಲ್ಲಿ ಹೋಗುತ್ತಿದ್ದರು. ಅಲ್ಲಿ ಹಳಿ ಕವಲೊಡೆದು ಒಂದು ತರೀಕೆರೆಗೂ ಇನ್ನೊಂದು ಅಜ್ಜಂಪುರಕ್ಕೂ ಹೋಗುತ್ತದೆ. ಕಡೂರಿನವನಿಗೆ ಬೀರೂರಿನಲ್ಲಿ ಏನೂ ಕೆಲಸವಿರಲಿಲ್ಲ, ವಾದ ಮುಗಿಯಲಿಲ್ಲವೆಂದು ಹೋಗುತ್ತಿದ್ದ. ಅಂತೂ ಕನ್ನಡ ಅಧ್ಯಾಪಕರ ಬಳಿಗೆ ದೂರು ಹೋಯಿತು. ಛಂದಸ್ಸಿನಲ್ಲಿ ಕೊನೆಯ ವ್ಯಂಜನ ಹಿಂದಿನ ಅಕ್ಷರಕ್ಕೆ ಸೇರಿ ಅದನ್ನು ಗುರುವಾಗಿಸುತ್ತದೆ, ಕಾಗುಣಿತ ಹೇಳಿಸುವಾಗ ಬೇರೆಯಾಗಿ ನಿಲ್ಲುತ್ತದೆ. ನಿಮಗೆ ಯಾವುದಕ್ಕಾಗಿ ಬೇಕು ಎಂದು ಅವರು ಮರುಪ್ರಶ್ನೆ ಹಾಕಿದರು. ಭಾಷಾನಿರ್ಮಾತೃಗಳು ತಿಂಗಳುಗಟ್ಟಲೆ ಚರ್ಚಿಸುವುದು ಇಂಥ ಪ್ರಶ್ನೆಗಳನ್ನೇ. ಪೈಥಾನಿನ ಜನಕ ಗೈಡೋ ವಾನ್ ರೋಸಮ್ ಒಂದು ಪುಟ್ಟ ಚಿಹ್ನೆಯನ್ನು ಭಾಷೆಗೆ ಸೇರಿಸುವ ವಾದದಿಂದ ಬೇಸತ್ತು 2018ರ ಜುಲೈಯಲ್ಲಿ ಮುಖ್ಯಸ್ಥಾನವನ್ನೇ ಬಿಟ್ಟುಕೊಟ್ಟರು. ಒಮ್ಮೆ ಒಳಗೆ ಬಂದ ಫಂಕ್ಷನ್ನನ್ನು ಹೊರಗೆ ಹಾಕುವುದು ಬಲು ಕಷ್ಟ. ಅದನ್ನು ನೆಚ್ಚಿ ಲಕ್ಷಾಂತರ ಮಂದಿ ಬರೆದುಬಿಟ್ಟಿರುತ್ತಾರೆ. ಆದ್ದರಿಂದಲೇ ಬಾಗಿಲಲ್ಲಿ ಅಷ್ಟು ಜಿಪುಣತನ.

ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ 1196ರ ಅಮೃತೇಶ್ವರ ದೇವಾಲಯವನ್ನು ನೋಡಿದ್ದೀರಷ್ಟೆ. ಮುಂದೆ ಹೆಸರಾದ ಮಲ್ಲಿತಮ್ಮನೆಂಬ ರೂವಾರಿ ಕೆಲಸ ಆರಂಭಿಸಿದ್ದು ಅಲ್ಲಿಯ ಚಾವಣಿಗಳಲ್ಲಿ ಎನ್ನುತ್ತಾರೆ. ಇಡೀ ಗುಡಿಯನ್ನು ಯಾರೂ ಅವನ ಕೈಗೆ ಕೊಡಲಿಲ್ಲ. ನಮ್ಮ ವಿದ್ಯಾರ್ಥಿಗಳೂ ಹೊಸ ಭಾಷೆಯನ್ನೇ ಕಟ್ಟಬೇಕೆಂದು ನಾವು ಕೇಳುತ್ತಿಲ್ಲ. ಜೂಲಿಯಾ, ಪೈಥಾನ್ ಎರಡರ ಮೂಲಬರಹವೂ ಎಲ್ಲರ ಮುಂದೆ ತೆರೆದಿದೆ. ದೋಷ ಕಂಡರೆ ವರದಿ ಬರೆಯಬಹುದು. ವಿವರಣೆಯಲ್ಲಿ ಒಂದು ವಾಕ್ಯ ತಿದ್ದಬಹುದು. ಪರೀಕ್ಷೆಗಾಗಿ ಕನ್ನಡದ ಹತ್ತು ಪದಗಳನ್ನು ಕೊಡಬಹುದು. ಈ ಕೊನೆಯದಕ್ಕೆ ಕನ್ನಡ ಬಲ್ಲವರು ಬೇಕೇ ಬೇಕು. ಬರೆದದ್ದನ್ನು ದೂರದೇಶದ ಅಪರಿಚಿತನೊಬ್ಬ ಓದಿ, ಇದು ಸಾಲದು ಎಂದು ಹಿಂದಿರುಗಿಸಬಹುದು. ಎರಡನೆಯ ಸಲ ಕಳುಹಿಸಬೇಕು.

‘ಅಕ್ಷರಗಳು’ ಈಗ ಹನ್ನೊಂದು ಸಾಲುಗಳಿಂದ ನಲವತ್ತಕ್ಕೆ ಬೆಳೆದಿದೆ. ಛಂದಸ್ಸಿಗೋ ಕಾಗುಣಿತಕ್ಕೋ ಎಂದು ಮೊದಲೇ ಕೇಳುತ್ತದೆ. ತರೀಕೆರೆಯ ಹುಡುಗ ಅದಕ್ಕೆ ಮಾತ್ರೆಗಳ ಎಣಿಕೆಯನ್ನೂ ಜೋಡಿಸುತ್ತಿದ್ದಾನೆ: ಕಡೂರಿಗೆ ನಾಲ್ಕು, ತರೀಕೆರೆಗೆ ಐದು, ಅಜ್ಜಂಪುರಕ್ಕೆ ಆರು ಬಂದಿವೆ. ಒತ್ತಕ್ಷರದ ಪಟ್ಟಿಯ ವಿಷಯವಾಗಿ ಯೂನಿಕೋಡಿನವರಿಗೆ ಕಳುಹಿಸಬೇಕಾದ ಪತ್ರದ ಮೂರನೆಯ ಕರಡು ನಮ್ಮ ಮೇಜಿನ ಮೇಲಿದೆ. ಅದರ ಇಂಗ್ಲಿಷನ್ನು ತಿದ್ದಿಕೊಡುವುದಾಗಿ ನಾವು ಒಪ್ಪಿದ್ದೇವೆ. ಉದಾಹರಣೆಗಳನ್ನು ಮುಟ್ಟಕೂಡದೆಂದು ಅವರ ಕರಾರು.