ನಾಲ್ಕು ಗಜದ ಓಟಗಾರ

1996ರ ಮೇ ತಿಂಗಳಲ್ಲಿ ಅಮೆರಿಕದ ಫ್ಲೋರಿಡಾ ವಿಶ್ವವಿದ್ಯಾಲಯದಿಂದ ಪದವಿ ಪಡೆದವರಲ್ಲಿ ಒಬ್ಬ ಕೋಟ್ಯಧೀಶನೂ ಇದ್ದ. ಅದೇ ಜನವರಿಯಲ್ಲಿ ಅವನ ತಂಡವಾದ ಡಲ್ಲಾಸ್ ಕೌಬಾಯ್ಸ್, ಅಮೆರಿಕನ್ ಫುಟ್‌ಬಾಲಿನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಗೆದ್ದಿತ್ತು. ಅವನಿಗದು ಮೂರನೆಯ ಗೆಲುವು. ಹಣ, ಕೀರ್ತಿ ಎರಡೂ ಕಾಲಬಳಿ ಬಿದ್ದಿರುವಾಗ ಪರೀಕ್ಷೆ ಬರೆಯುವ ಗೊಡವೆ ಅವನಿಗೇಕೆ ಬಂತು? ಆತನ ಹೆಸರು ಎಮಿಟ್ ಸ್ಮಿತ್.

ಅಮೆರಿಕದವರ ಫುಟ್‌ಬಾಲ್ ನಾವು ಬಲ್ಲ ಫುಟ್‌ಬಾಲ್ ಅಲ್ಲ. ಚೆಂಡು ಮೊಟ್ಟೆಯಾಕಾರದ್ದು; ಕಾಲಿಗಿಂತ ಕೈಗೇ ಕೆಲಸ ಹೆಚ್ಚು. ನಾಲ್ಕು ಯತ್ನಗಳಲ್ಲಿ ಹತ್ತು ಗಜ ಮುಂದೆ ಸಾಗದಿದ್ದರೆ ಚೆಂಡು ಎದುರಾಳಿಯ ಪಾಲು. ಚೆಂಡನ್ನು ಎದೆಗವಚಿಕೊಂಡು, ಎದುರಾಳಿಗಳ ಗೋಡೆಯಲ್ಲಿ ಸಂದು ಹುಡುಕಿ ನುಗ್ಗುವವನೇ ರನ್ನಿಂಗ್ ಬ್ಯಾಕ್. ಕಬಡ್ಡಿಯಲ್ಲಿ ಹಿಡಿತ ಬಿಡಿಸಿಕೊಂಡು ಗೆರೆ ಮುಟ್ಟುವವನನ್ನು ನೆನೆಸಿಕೊಳ್ಳಿ; ಇಲ್ಲಿ ಮೇಲೆ ಬೀಳುವವರಲ್ಲಿ ನೂರು ಕಿಲೋ ದಾಟಿದವರೇ ಹೆಚ್ಚು! ಮೂವತ್ತು ತುಂಬುವಷ್ಟರಲ್ಲಿ ಬಹುತೇಕ ಓಟಗಾರರ ಮೈ ಜರ್ಝರಿತವಾಗಿರುತ್ತದೆ.

ಸ್ಮಿತ್ ಹುಟ್ಟಿದ್ದು 1969ರಲ್ಲಿ, ಫ್ಲೋರಿಡಾದ ಪೆನ್ಸಕೋಲಾದಲ್ಲಿ. ತಂದೆ ಸಿಟಿ ಬಸ್ ಚಾಲಕ. ಕನಸನ್ನು ಕಾಗದದ ಮೇಲೆ ಬರೆದಾಗಲೇ ಅದು ಗುರಿಯಾಗುತ್ತದೆ ಎಂದು ಹೈಸ್ಕೂಲಿನ ತರಬೇತುದಾರ ಹೇಳಿಕೊಟ್ಟಿದ್ದರು. ಹುಡುಗ ಅದನ್ನು ಅಕ್ಷರಶಃ ಪಾಲಿಸಿದ. ಆದರೂ 1990ರಲ್ಲಿ ವೃತ್ತಿಪರ ತಂಡಗಳು ಆಟಗಾರರನ್ನು ಆರಿಸುವಾಗ ಈತನಿಗಿಂತ ಮುಂಚೆ ಹದಿನಾರು ಹೆಸರುಗಳು ಬಂದುಹೋದವು. ಐದು ಅಡಿ ಒಂಬತ್ತು ಅಂಗುಲದವನು, ಕುಳ್ಳ. ಓಟದಲ್ಲೂ ಅಂಥ ವೇಗವಿಲ್ಲ ಎಂಬುದು ಕೆಲವರ ಲೆಕ್ಕಾಚಾರ.

ಈ ಅವಕಾಶಕ್ಕಾಗಿ ಆತ ಮೂರನೇ ವರ್ಷಕ್ಕೇ ಕಾಲೇಜು ಬಿಟ್ಟಿದ್ದ. ಪದವಿಯನ್ನು ಮುಗಿಸಿಯೇ ತೀರುತ್ತೇನೆ ಎಂದು ತಾಯಿಗೆ ಮಾತು ಕೊಟ್ಟಿದ್ದ. ಇಂಥ ಮಾತುಗಳು ಸಾಮಾನ್ಯವಾಗಿ ಎಲ್ಲಿಗೆ ಹೋಗುತ್ತವೆಂದು ಹೆತ್ತವರಿಗೆ ಗೊತ್ತೇ ಇದೆ. ಸ್ಮಿತ್ ಮಾತ್ರ ಆಟದ ಋತು ಮುಗಿದಾಗ ಮತ್ತೆ ಪಾಠಕ್ಕೆ ಹೋದ. ಒಂದು ವರ್ಷದ ಓದು ಮುಗಿಸಲು ಆರು ವರ್ಷ ಹಿಡಿಯಿತು. ಹಿಡಿಯಲಿ ಬಿಡಿ.

ಅಭಿಮಾನಿಗಳು ಹೆಚ್ಚು ನೆನೆಯುವುದು 1994ರ ಜನವರಿ 2ರ ಪಂದ್ಯವನ್ನು. ನ್ಯೂಯಾರ್ಕ್ ಜೈಂಟ್ಸ್ ವಿರುದ್ಧ ಮೊದಲರ್ಧದಲ್ಲೇ ಬಿದ್ದು ಬಲಭುಜಕ್ಕೆ ತೀವ್ರ ಪೆಟ್ಟಾಯಿತು. ಆದರೂ ಆತ ಅಂಗಣ ಬಿಡಲಿಲ್ಲ. ಆ ದಿನ 32 ಸಲ ಚೆಂಡು ಹೊತ್ತು 168 ಗಜ ಓಡಿದ. ಎಸೆದ ಚೆಂಡನ್ನು ಹತ್ತು ಸಲ ಹಿಡಿದ. ಹೆಚ್ಚುವರಿ ಅವಧಿಯಲ್ಲಿ ಡಲ್ಲಾಸ್ 16–13ರಿಂದ ಗೆದ್ದಿತು. ಸ್ಮಿತ್ ಆಸ್ಪತ್ರೆ ಸೇರಿದ. ನಾಲ್ಕು ವಾರದ ನಂತರ ಸೂಪರ್ ಬೌಲ್‌ನ ಶ್ರೇಷ್ಠ ಆಟಗಾರನೂ ಅವನೇ. ಇದು ವೀರಗಾಥೆಯೇ ಸರಿ. ಆದರೆ ಶಾಲೆಯ ತಂಡದ ಹುಡುಗ ಇದನ್ನು ಓದಿ, ಭುಜ ನೋಯುತ್ತಿದ್ದರೂ ಬಾಯಿ ಮುಚ್ಚಿಕೊಂಡು ಆಡಿದರೆ ಅದು ಶೌರ್ಯವಲ್ಲ, ಅವಿವೇಕ. ಸ್ಮಿತ್‌ನ ಸುತ್ತ ವೈದ್ಯರ ದಂಡೇ ಇತ್ತು.

ಆತನ ನಿಜವಾದ ಹಿರಿಮೆ ಇರುವುದು ಬೇರೊಂದು ಲೆಕ್ಕದಲ್ಲಿ. ಹದಿನೈದು ಋತುಗಳಲ್ಲಿ 4,409 ಸಲ ಚೆಂಡು ಹೊತ್ತು ಓಡಿದ. ಪ್ರತಿ ಓಟಕ್ಕೆ ಸಿಕ್ಕಿದ್ದು ಸರಾಸರಿ ನಾಲ್ಕು ಗಜಕ್ಕಿಂತ ತುಸು ಹೆಚ್ಚು, ಅಷ್ಟೇ. ಅದೇ ಕಾಲದ ಬ್ಯಾರಿ ಸ್ಯಾಂಡರ್ಸ್‌ನ ಸರಾಸರಿ ಐದು ಗಜ; ನೋಡುವವರ ಕಣ್ಣಿಗೆ ಹಬ್ಬ ಅವನೇ. ಆದರೆ ಆತ ಹತ್ತು ಋತು ಆಡಿ, 1999ರಲ್ಲಿ ದಾಖಲೆಯ ಹೊಸ್ತಿಲಲ್ಲೇ ನಿವೃತ್ತನಾದ.

2002ರ ಅಕ್ಟೋಬರ್ 27ರಂದು, ಮೂವತ್ತಮೂರರ ವಯಸ್ಸಿನಲ್ಲಿ, ಸ್ಮಿತ್ ವಾಲ್ಟರ್ ಪೇಟನ್‌ನ 16,726 ಗಜಗಳ ದಾಖಲೆ ದಾಟಿದ. ಆ ಪಂದ್ಯವನ್ನು ಡಲ್ಲಾಸ್ 14–17ರಿಂದ ಸೋತಿತು! ಮರುವರ್ಷವೇ ಡಲ್ಲಾಸ್ ಅವನನ್ನು ಕೈಬಿಟ್ಟಿತು. ಅರಿಝೋನಾ ಕಾರ್ಡಿನಲ್ಸ್ ಸೇರಿದ ಆತ ತನ್ನ ಹಳೆಯ ಅಂಗಣಕ್ಕೆ ಎದುರಾಳಿಯಾಗಿ ಬಂದ ದಿನ ಭುಜದ ಮೂಳೆ ಮುರಿಯಿತು. ಅಲ್ಲಿಗೂ ನಿಲ್ಲಿಸಲಿಲ್ಲ, ಮುಂದಿನ ಋತುವಿನಲ್ಲಿ 937 ಗಜ ಓಡಿ, 2005ರಲ್ಲಿ ನಿವೃತ್ತನಾದ. ಒಟ್ಟು 18,355 ಗಜಗಳ ಆ ದಾಖಲೆಯನ್ನು ಇಂದಿಗೂ ಯಾರೂ ಮುರಿದಿಲ್ಲ. ನಿವೃತ್ತಿಯ ನಂತರ ಆತ ಡಲ್ಲಾಸ್‌ನಲ್ಲೇ ಕಟ್ಟಡ, ನಿವೇಶನಗಳ ವ್ಯವಹಾರಕ್ಕೆ ಇಳಿದ.