ಗಿರಾಕಿ ತಡವರಿಸುವುದು ಎಲ್ಲಿ?

ಭತ್ತದ ಸಿಂಧನೂರು, ಹಟ್ಟಿ ಚಿನ್ನದ ಗಣಿಯಿರುವ ಲಿಂಗಸುಗೂರು, ಅಶೋಕನ ಶಾಸನದ ಮಸ್ಕಿ. ಕರಾವಳಿಯಿಂದ ಇಂಥ ಊರುಗಳಿಗೆ ಹೋಗಿ, ಮಾರ್ಕೆಟಿಂಗ್ ಬ್ಯಾಗ್ ಹೊತ್ತು ಅಂಗಡಿ ಅಂಗಡಿ ತಿರುಗುವ ನಮ್ಮ ಹುಡುಗರದ್ದು ಒಂದೇ ಪ್ರಶ್ನೆ: 'ಇದರಲ್ಲಿ ಮುಂದೆ ಎಂತ ಉಂಟು?' ಯುಎಕ್ಸ್, ಅಂದರೆ ಯೂಸರ್ ಎಕ್ಸ್‌ಪೀರಿಯೆನ್ಸ್ ಡಿಸೈನ್, ಒಂದು ದಾರಿ ಎನ್ನುತ್ತೇವೆ ನಾವು.

ಇದು ಬರೇ ಬಣ್ಣ ಹಚ್ಚುವ ಕೆಲಸ ಅಲ್ಲ. ಮೊಬೈಲಿನಲ್ಲಿ ಅರ್ಜಿ ತುಂಬುವ ರೈತ ಎಲ್ಲಿ ತಡವರಿಸುತ್ತಾನೆ, ಓಟಿಪಿ ಬಂದಾಗ ಫೋನನ್ನು ಪಕ್ಕದವನ ಕೈಗೆ ಯಾಕೆ ಕೊಡುತ್ತಾನೆ ಎಂದು ನೋಡಿ, ಆ ಆ್ಯಪನ್ನು ಸರಿಪಡಿಸುವ ಕೆಲಸ. ಗಿರಾಕಿಯ ಮುಖ ಓದಿ ಅಭ್ಯಾಸ ಇದ್ದವನಿಗೆ ಅರ್ಧ ಪಾಠ ಆಗಲೇ ಬಂದಿದೆ. ವ್ಯತ್ಯಾಸ ಇಷ್ಟೇ: ಮಾರುವವನು ಗಿರಾಕಿಯನ್ನು ಒಪ್ಪಿಸುತ್ತಾನೆ, ಡಿಸೈನರ್ ಗಿರಾಕಿಗೆ ಒಗ್ಗುವಂತೆ ವಸ್ತುವನ್ನೇ ಬದಲಿಸುತ್ತಾನೆ.

ಐಐಟಿ ಬಾಂಬೆ ನಡೆಸುವ 'ಸೀಡ್' ಪರೀಕ್ಷೆಯನ್ನು ಬಿಕಾಂ, ಬಿಬಿಎ ಆದವರೂ ಬರೆಯಬಹುದು. ವಯಸ್ಸಿನ ಮಿತಿ ಇಲ್ಲ. ಪ್ರವೇಶದ ನಿಯಮ ಮಾತ್ರ ಸಂಸ್ಥೆಯಿಂದ ಸಂಸ್ಥೆಗೆ ಬೇರೆ, ಮೊದಲೇ ವಿಚಾರಿಸಿ. 'ಕೆಲಸ ಗ್ಯಾರಂಟಿ' ಎನ್ನುವ ಕೋರ್ಸುಗಳನ್ನು ನಂಬಿ ಉಮ್ಮನ ಚಿನ್ನ ಅಡವಿಡಬೇಡಿ. ಈ ರಂಗದಲ್ಲಿ ಸರ್ಟಿಫಿಕೇಟಿಗಿಂತ ಮಾಡಿ ತೋರಿಸಿದ ಕೆಲಸಕ್ಕೆ ಬೆಲೆ ಹೆಚ್ಚು. ಇರುವ ನೌಕರಿ ಬಿಡದೆ, ಒಂದು ಆ್ಯಪನ್ನು 5 ಜನರ ಕೈಗೆ ಕೊಟ್ಟು, ಎಲ್ಲಿ ಸಿಕ್ಕಿಬಿದ್ದರು ಎಂದು ಬರೆದಿಡಿ. ಶುರು ಅಲ್ಲಿಂದಲೇ ಆಗಲಿ.